ಕೆಲಸದವಳ ಮನೆಗೆ ಹೋಗದ ಕ್ಯಾಮೆರಾ

ಲುಪೆ ಒಂಟಿವೆರೋಸ್ ಎಂಬ ನಟಿ ತೆರೆಯ ಮೇಲೆ ಸುಮಾರು 150 ಸಲ ಮನೆಗೆಲಸದವಳಾಗಿದ್ದರು. 2002ರಲ್ಲಿ ಪತ್ರಿಕೆಯೊಂದರ ಮುಂದೆ ಅವರೇ ಒಪ್ಪಿಸಿದ ಲೆಕ್ಕ ಇದು. ಹುಟ್ಟಿದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಎಲ್ ಪಾಸೋದಲ್ಲಿ. ಕಾಲೇಜು ಓದಿದವರು, ನಟನೆಗೆ ಬರುವ ಮುಂಚೆ ಹಲವು ವರ್ಷ ಸಮಾಜ ಕಾರ್ಯಕರ್ತೆಯಾಗಿ ದುಡಿದವರು. ಆದರೆ ಆಡಿಷನ್‌ಗೆ ಹೋಗಿ ಸ್ವಚ್ಛವಾದ ಇಂಗ್ಲಿಷ್ ಮಾತನಾಡಿದರೆ ಪಾತ್ರ ಕೈತಪ್ಪುತ್ತಿತ್ತಂತೆ. ಮಾತಿನಲ್ಲಿ ಸ್ಪ್ಯಾನಿಷ್ ಛಾಯೆ ಬೇಕು. ಅದು ಎಷ್ಟು ಒರಟಾಗಿದ್ದರೆ ಅಷ್ಟು ಒಳ್ಳೆಯದು. ಹುಟ್ಟಿದೂರಿನ ಭಾಷೆಯನ್ನೇ ತೊದಲುವುದು ಅವರ ಹೊಟ್ಟೆಪಾಡಾಯಿತು.

ಅವರು ಮಾಡಿದ ಪಾತ್ರಗಳನ್ನು ನೆನೆಸಿಕೊಂಡರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಆ ಹೆಂಗಸು ಬಾಗಿಲು ತೆರೆಯುತ್ತಾಳೆ, ಒರೆಸುತ್ತಾಳೆ, ಗಾಬರಿಯಾಗುತ್ತಾಳೆ, ಒಂದು ಮಾತು ತಪ್ಪಾಗಿ ಹೇಳಿ ನಗಿಸುತ್ತಾಳೆ, ಬಾಗಿಲು ಮುಚ್ಚಿಕೊಂಡು ಹೋಗುತ್ತಾಳೆ. ಎಲ್ಲಿಗೆ ಹೋಗುತ್ತಾಳೆ? ಸಂಜೆ ಬಸ್ಸು ಹತ್ತಿ ಇಳಿದ ಮೇಲೆ ಅವಳ ಒಲೆಯ ಮೇಲೆ ಏನು ಬೇಯುತ್ತದೆ, ಅವಳ ಮಕ್ಕಳು ಅವಳಿಗೆ ಯಾವ ಭಾಷೆಯಲ್ಲಿ ಎದುರುತ್ತರ ಕೊಡುತ್ತಾರೆ? ಕ್ಯಾಮೆರಾ ಅವಳ ಹಿಂದೆ ಹೋಗುವುದೇ ಇಲ್ಲ. ಅಮೆರಿಕದ ಟಿವಿಯಲ್ಲಿ ಲ್ಯಾಟಿನೋ ಪಾತ್ರಗಳ ಪಡಿಯಚ್ಚು ಎಂದರೇನು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ತೋರಿಸುವುದು ಆ ಮುಚ್ಚಿದ ಬಾಗಿಲನ್ನು. ಯಜಮಾನನ ಕಣ್ಣಿಗೆ ಬಿದ್ದಷ್ಟೇ ಆ ಮನುಷ್ಯ; ಉಳಿದದ್ದು ಕಥೆಗೆ ಬೇಕಿಲ್ಲ.

ಮೊದಲಿಗೆ ಲ್ಯಾಟಿನೋ ಎಂದರೆ ಯಾರು ಎಂಬ ಗೊಂದಲವನ್ನು ಬಿಡಿಸಿಕೊಳ್ಳೋಣ. ಅದು ಜನಾಂಗದ ಹೆಸರಲ್ಲ. ಲ್ಯಾಟಿನ್ ಅಮೆರಿಕದ ದೇಶಗಳಿಗೆ ಬೇರು ಚಾಚಿದ ಕುಟುಂಬಗಳವರು ಎಂದಷ್ಟೇ ಅರ್ಥ. ಅವರಲ್ಲಿ ಬಿಳಿಯರಿದ್ದಾರೆ, ಕಪ್ಪು ಜನರಿದ್ದಾರೆ, ಮೂಲನಿವಾಸಿಗಳಿದ್ದಾರೆ, ಎಲ್ಲರ ಬೆರಕೆಯೂ ಇದೆ. ಬ್ರೆಜಿಲ್‌ನವರ ಮಾತು ಪೋರ್ಚುಗೀಸ್, ಸ್ಪ್ಯಾನಿಷ್ ಅಲ್ಲ. 2020ರ ಜನಗಣತಿಯಲ್ಲಿ ಅಮೆರಿಕದ ಲ್ಯಾಟಿನೋಗಳ ಸಂಖ್ಯೆ 6.2 ಕೋಟಿ, ಅಂದರೆ ಐವರಲ್ಲಿ ಒಬ್ಬರಿಗಿಂತ ತುಸುವೇ ಕಡಿಮೆ. ಇವರೆಲ್ಲ ನಿನ್ನೆ ಮೊನ್ನೆ ಗಡಿ ದಾಟಿ ಬಂದವರೂ ಅಲ್ಲ. ಮೆಕ್ಸಿಕೋದ ದೊಡ್ಡ ಭಾಗ 1848ರ ಒಪ್ಪಂದದಲ್ಲಿ ಅಮೆರಿಕದ ಪಾಲಾದಾಗ ಅಲ್ಲಿದ್ದವರು ಕೂತಲ್ಲೇ ದೇಶ ಬದಲಾಯಿಸಿದರು. ಪೋರ್ಟೊರಿಕೋದವರು 1917ರಿಂದಲೇ ಅಮೆರಿಕದ ಪ್ರಜೆಗಳು.

ಟಿವಿಗೆ ಇಷ್ಟೆಲ್ಲ ತಾಳ್ಮೆ ಇಲ್ಲ. 1974ರಲ್ಲಿ ಎನ್‌ಬಿಸಿ ಚಾನೆಲ್‌ನ ಹಾಸ್ಯ ಧಾರಾವಾಹಿಯೊಂದರಲ್ಲಿ ಮೆಕ್ಸಿಕನ್ ಮೂಲದ ಹುಡುಗನಾಗಿ ಬಂದ ಫ್ರೆಡ್ಡಿ ಪ್ರಿನ್ಜ್‌ನ ತಾಯಿ ಪೋರ್ಟೊರಿಕೋದವರು, ತಂದೆ ಜರ್ಮನಿಯವರು. ಮೆಕ್ಸಿಕನ್ ಅಮೆರಿಕನ್ನರು ಆಗಲೇ ಪ್ರತಿಭಟಿಸಿದ್ದರು. ನಾಲ್ಕು ದಶಕಗಳ ನಂತರ ‘ನಾರ್ಕೋಸ್’ನಲ್ಲಿ ಕೊಲಂಬಿಯಾದ ಮಾದಕ ವಸ್ತುವಿನ ದೊರೆ ಪಾಬ್ಲೋ ಎಸ್ಕೋಬಾರ್ ಆದವರು ಬ್ರೆಜಿಲ್‌ನ ವಾಗ್ನರ್ ಮೌರಾ, ಪಾತ್ರಕ್ಕಾಗಿ ಅವರು ಸ್ಪ್ಯಾನಿಷ್ ಕಲಿಯಬೇಕಾಯಿತು. ಬೆಂಗಳೂರಿನಲ್ಲಿ ಕೂತು ನೋಡಿದ ನಮಗೆ ಅದೇನೂ ತಿಳಿಯಲಿಲ್ಲ. ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿ ನೋಡಿದವರು ಮೊದಲ ಸಂಭಾಷಣೆಗೇ ಕಿವಿ ಮುಚ್ಚಿಕೊಂಡಿರಬೇಕು. ಇದರ ಇನ್ನೊಂದು ಮುಖವೂ ಉಂಟು. ‘ಸೂಟ್ಸ್’ ನೋಡಿದವರಿಗೆ ಜೆಸಿಕಾ ಪಿಯರ್ಸನ್ ಪಾತ್ರದ ಜೀನಾ ಟೊರೆಸ್ ಗೊತ್ತು. ಅವರ ತಂದೆತಾಯಿ ಕ್ಯೂಬಾದವರು, ಸ್ಪ್ಯಾನಿಷ್ ಮನೆಮಾತು. ಚರ್ಮ ಕಪ್ಪಾದ್ದರಿಂದ ಲ್ಯಾಟಿನಾ ಪಾತ್ರಗಳಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಕೊಲಂಬಿಯಾದ ನಟಿ ಸೋಫಿಯಾ ವೆರ್ಗಾರಾ ಹುಟ್ಟಿನಿಂದ ಹೊಂಗೂದಲಿನವರು. ಹೊಂಗೂದಲಿನ ಹೆಣ್ಣು ಸ್ಪ್ಯಾನಿಷ್ ಛಾಯೆಯಲ್ಲಿ ಮಾತನಾಡಿದರೆ ಯಾವ ಖಾನೆಗೆ ಹಾಕುವುದೆಂದು ಹಾಲಿವುಡ್‌ಗೆ ತಿಳಿಯದೆ, ಕೊನೆಗೆ ಅವರೇ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡರು. ನಿಜವಾದ ಕೊಲಂಬಿಯಾದವಳು ಕೊಲಂಬಿಯಾದವಳಂತೆ ಕಾಣಲು ವೇಷ ಹಾಕಬೇಕಾಯಿತು.

ಪಡಿಯಚ್ಚು ಎಂಬ ಪದವನ್ನು ಸುಮ್ಮನೆ ಬಳಸಲಿಲ್ಲ. ಸ್ಟೀರಿಯೊಟೈಪ್ ಎಂಬುದು ಮೂಲದಲ್ಲಿ ಅಚ್ಚುಕೂಟದ ಮಾತು. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುವುದು ಬೆನ್ನು ಮುರಿಯುವ ಕೆಲಸ. ಹಾಗೆ ಕಟ್ಟಿದ ಪುಟದ ಮೇಲೆ ಅಚ್ಚು ತೆಗೆದು, ಸೀಸ ಹೊಯ್ದು, ಇಡೀ ಪುಟವನ್ನೇ ಒಂದು ಗಟ್ಟಿ ತಗಡಾಗಿ ಮಾಡಿಟ್ಟುಕೊಂಡರೆ ಬೇಕೆಂದಾಗ ಮತ್ತೆ ಮುದ್ರಿಸಬಹುದು, ಮೊಳೆಗಳೂ ಬಿಡುವಾಗುತ್ತವೆ. ಹದಿನೆಂಟನೆಯ ಶತಮಾನದ ಈ ಉಪಾಯದ ಹೆಸರನ್ನು ಮನಸ್ಸಿನೊಳಗಿನ ಚಿತ್ರಗಳಿಗೆ ಅಂಟಿಸಿದವರು ಪತ್ರಕರ್ತ ವಾಲ್ಟರ್ ಲಿಪ್‌ಮನ್, 1922ರಲ್ಲಿ. ಹೋಲಿಕೆಯಲ್ಲಿ ನನಗೆ ಹಿಡಿಸುವುದು ಅದರ ವ್ಯಾಪಾರಿ ಬುದ್ಧಿ. ತಗಡು ಎರಕ ಹೊಯ್ದವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ; ಖರ್ಚು ಉಳಿಸಬೇಕಿತ್ತು, ಅಷ್ಟೆ.

ಅದೇ 1922ರಲ್ಲಿ ಮೆಕ್ಸಿಕೋ ಸರ್ಕಾರ ಹಾಲಿವುಡ್ ಮೇಲೆ ಮುನಿದು, ತನ್ನ ಜನರನ್ನು ಅವಮಾನಿಸುವ ಚಿತ್ರ ತೆಗೆದ ಕಂಪನಿಗಳ ಚಿತ್ರಗಳಿಗೆ ದೇಶದಲ್ಲಿ ಬಾಗಿಲು ಹಾಕಿತು. ಮೂಕಿ ಚಿತ್ರಗಳಲ್ಲಿ ಮೆಕ್ಸಿಕನ್ ಎಂದರೆ ಜಿಡ್ಡುಗೂದಲಿನ, ಬಂದೂಕು ಕಟ್ಟಿಕೊಂಡ ದರೋಡೆಕೋರ ಎಂದೇ ಲೆಕ್ಕವಾಗಿತ್ತು. ಸಂತೆ ಕೈತಪ್ಪುತ್ತದೆಂದು ಹೆದರಿದ ಕಂಪನಿಗಳು ಒಳ್ಳೆಯ ಉಪಾಯ ಕಂಡುಕೊಂಡವು: ದರೋಡೆಕೋರನನ್ನು ಹಾಗೆಯೇ ಉಳಿಸಿಕೊಂಡು ದೇಶಕ್ಕೆ ಮಾತ್ರ ಒಂದು ಸುಳ್ಳು ಹೆಸರು ಇಟ್ಟವು! ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ವಾಂಸ ಚಾರ್ಲ್ಸ್ ರಮೀರೆಜ್ ಬರ್ಗ್ ಈ ತಗಡುಗಳನ್ನು ಎಣಿಸಿ ಆರು ಎಂದಿದ್ದಾರೆ. ದರೋಡೆಕೋರ, ಕಾಮುಕಿ, ಕೋಡಂಗಿ ಗಂಡು, ಕೋಡಂಗಿ ಹೆಣ್ಣು, ಶೃಂಗಾರಪುರುಷ, ನಿಗೂಢ ಸುಂದರಿ. ಟಿವಿ ಬಂದಾಗ ಈ ಆರೂ ತಗಡುಗಳು ಮೂಲೆಯಲ್ಲಿ ಸಿದ್ಧವಾಗಿದ್ದವು. 1967ರಲ್ಲಿ ಕಾರ್ನ್ ಚಿಪ್ಸ್ ಮಾರಲು ಒಂದು ಕಾರ್ಟೂನ್ ಜಾಹೀರಾತು ಬಂತು: ಅಗಲ ಟೋಪಿ, ಪೊದೆ ಮೀಸೆ, ಎರಡು ಪಿಸ್ತೂಲು, ಚಿಪ್ಸ್ ಕದಿಯುವ ‘ಫ್ರಿಟೋ ಬ್ಯಾಂಡಿಟೋ’. ಆಕ್ಷೇಪ ಬಂದಾಗ ಮೊದಲು ಅವನ ಚಿನ್ನದ ಹಲ್ಲು ಕಿತ್ತು, ಗಡ್ಡ ಬೋಳಿಸಿ ನೋಡಿದರು. ಮೆಕ್ಸಿಕನ್ ಅಮೆರಿಕನ್ ಸಂಘಟನೆಗಳು ಬಿಡಲಿಲ್ಲ. 1971ರ ಹೊತ್ತಿಗೆ ಅವನನ್ನು ಮನೆಗೆ ಕಳಿಸಲಾಯಿತು.

ಆದರೆ ಟಿವಿಯ ಮೊದಲ ದೊಡ್ಡ ಲ್ಯಾಟಿನೋ ಈ ಯಾವ ತಗಡಿನಲ್ಲೂ ಸರಿಯಾಗಿ ಕೂರುವುದಿಲ್ಲ. ಅವನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

1950ರ ಸುಮಾರಿಗೆ ನಟಿ ಲುಸಿಲ್ ಬಾಲ್ ಅವರ ರೇಡಿಯೊ ಹಾಸ್ಯವನ್ನು ಟಿವಿಗೆ ತರಲು ಸಿಬಿಎಸ್ ಚಾನೆಲ್ ಸಿದ್ಧವಾಗಿತ್ತು. ಗಂಡನ ಪಾತ್ರಕ್ಕೆ ತಮ್ಮ ನಿಜವಾದ ಗಂಡನೇ ಬೇಕೆಂದು ಲುಸಿಲ್ ಪಟ್ಟು ಹಿಡಿದರು. ಆತ ಕ್ಯೂಬಾದ ಸಾಂಟಿಯಾಗೋದಿಂದ ಬಂದ ವಾದ್ಯಗಾರ ದೇಸಿ ಆರ್ನಾಜ್. ತಂದೆ ಅದೇ ಊರಿನ ಮೇಯರ್ ಆಗಿದ್ದವರು. 1933ರ ಕ್ರಾಂತಿಯಲ್ಲಿ ಎಲ್ಲವನ್ನೂ ಕಳೆದುಕೊಂಡರು. ಮಯಾಮಿಗೆ ಬಂದ ಮಗ ಹಕ್ಕಿಗಳ ಪಂಜರ ತೊಳೆದು ಸಂಪಾದನೆ ಶುರು ಮಾಡಿದ್ದ. ಹೆಸರಿಗೆ ದೇಸಿ, ಟಿವಿಯ ಧಣಿಗಳ ಕಣ್ಣಿಗೆ ಮಾತ್ರ ಅಪ್ಪಟ ಪರದೇಸಿ. ಕೆಂಗೂದಲಿನ ಅಮೆರಿಕನ್ ಹೆಣ್ಣಿಗೆ ಕ್ಯೂಬಾದ ಗಂಡ ಎಂದರೆ ಜನ ನಂಬುವುದಿಲ್ಲ ಎಂದರು. ಅವರಿಬ್ಬರೂ ನಿಜ ಜೀವನದಲ್ಲಿ ಮದುವೆಯಾಗಿ ಹತ್ತು ವರ್ಷವಾಗಿತ್ತು. ಜನ ನಂಬುತ್ತಾರೋ ಇಲ್ಲವೋ ನೋಡೇಬಿಡೋಣ ಎಂದು ದಂಪತಿ ಊರೂರು ತಿರುಗಿ ವೇದಿಕೆಯ ಮೇಲೆ ಹಾಸ್ಯ ಪ್ರದರ್ಶನ ಕೊಟ್ಟರು. ಜನ ಬಿದ್ದುಬಿದ್ದು ನಕ್ಕರು. 1951ರ ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಶುರುವಾಯಿತು.

ರಿಕಿ ರಿಕಾರ್ಡೋ ಎಂಬ ಆ ಪಾತ್ರದಲ್ಲಿ ಪಡಿಯಚ್ಚು ಇಲ್ಲವೆಂದಲ್ಲ. ಸಿಟ್ಟು ಬಂದರೆ ಸ್ಪ್ಯಾನಿಷ್‌ನಲ್ಲಿ ಗುಡುಗುತ್ತಾನೆ, ಡೋಲು ಬಡಿಯುತ್ತಾನೆ, ಅವನ ಇಂಗ್ಲಿಷನ್ನು ಹೆಂಡತಿ ಅಣಕಿಸುತ್ತಾಳೆ. ಆದರೆ ಅಣಕಿಸುವ ಹಕ್ಕು ಅವಳೊಬ್ಬಳಿಗೇ ಇತ್ತು. ಬೇರೆಯವರು ಅದೇ ಮಾತು ಆಡಿದರೆ ಸ್ಟುಡಿಯೊದಲ್ಲಿ ಕೂತ ಪ್ರೇಕ್ಷಕರು ನಗುತ್ತಿರಲಿಲ್ಲವಂತೆ.

1952ರ ಒಂದು ಕಂತಿನಲ್ಲಿ ಹುಟ್ಟಲಿರುವ ಮಗುವಿಗಾಗಿ ರಿಕಿ ಮಕ್ಕಳ ಕಥೆಯೊಂದನ್ನು ಓದುತ್ತಾನೆ. ಮರದ ಕೊಂಬೆಗೆ ಇಂಗ್ಲಿಷಿನಲ್ಲಿರುವ ಪದ ಎದುರಾಗುತ್ತದೆ, ತಪ್ಪು ಓದುತ್ತಾನೆ. ಅದು ‘ಬೌ’ ಎಂದು ಲೂಸಿ ತಿದ್ದುತ್ತಾಳೆ. ಸರಿ ಎಂದು, ಅದೇ ನಾಲ್ಕು ಅಕ್ಷರಗಳಲ್ಲಿ ಮುಗಿಯುವ ಮುಂದಿನ ಪದವನ್ನು ‘ರೌ’ ಎನ್ನುತ್ತಾನೆ. ಅಲ್ಲ, ಅದು ‘ರಫ್’. ಹಾಗಾದರೆ ಇದು? ‘ತ್ರೂ’. ಇದು? ‘ಕಾಫ್’. ಪ್ರತಿ ಸಲವೂ ಈಗಷ್ಟೇ ಕಲಿತ ನಿಯಮವನ್ನು ನಿಷ್ಠೆಯಿಂದ ಅನ್ವಯಿಸುತ್ತಾನೆ, ಪ್ರತಿ ಸಲವೂ ಸೋಲುತ್ತಾನೆ. ಕೊನೆಗೆ ಇದೆಂಥ ಹುಚ್ಚು ಭಾಷೆ ಎಂದು ಪುಸ್ತಕವನ್ನೇ ಬಿಡುತ್ತಾನೆ. ಸ್ಪ್ಯಾನಿಷ್ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ಕನ್ನಡ ಶಾಲೆಯಿಂದ ಇಂಗ್ಲಿಷ್ ಪಾಠಕ್ಕೆ ದಾಟಿದ ಯಾರಿಗೇ ಆಗಲಿ ಈ ದೃಶ್ಯದಲ್ಲಿ ರಿಕಿ ದಡ್ಡನಾಗಿ ಕಾಣುವುದು ಸಾಧ್ಯವಿಲ್ಲ. ನಗೆಯ ಗುರಿ ಮೆಲ್ಲಗೆ ತಿರುಗಿ ಇಂಗ್ಲಿಷಿನ ಕಡೆಗೇ ನಿಂತಿರುತ್ತದೆ.

ಅವನು ಬಡಿಯುವ ಡೋಲಿನ ಹಾಡೂ ಹಾಗೆಯೇ. ‘ಬಾಬಾಲೂ’ ಎಂದು ಅವನು ಕೂಗಿದಾಗ ಅಮೆರಿಕದ ಪ್ರೇಕ್ಷಕರಿಗೆ ಕೇಳಿಸಿದ್ದು ಒಂದು ಮೋಜಿನ ಗದ್ದಲ. ಬಾಬಾಲೂ ಆಯೆ ಎಂಬುದು ಆಫ್ರಿಕಾದಿಂದ ಗುಲಾಮರೊಡನೆ ಕ್ಯೂಬಾಕ್ಕೆ ಬಂದ ದೈವ. ಸಿಡುಬಿನಂಥ ರೋಗಗಳನ್ನು ತರುವುದೂ ಅದೇ, ವಾಸಿಮಾಡುವುದೂ ಅದೇ. ಮಾರಿಗುಡಿಯ ಮುಂದೆ ಕೈಮುಗಿದು ಬೆಳೆದ ನಮ್ಮವರಿಗೆ ಎರಡೇ ಮಾತಿನಲ್ಲಿ ತಿಳಿಯುವ ಸಂಗತಿ ಅದು. ಆರ್ನಾಜ್ ಅದನ್ನು ಅಮೆರಿಕದ ಬೈಠಕ್ಕಿನೊಳಗೆ ಯಾರಿಗೂ ತಿಳಿಯದಂತೆ ಹೊಗಿಸಿದ್ದ.

ತೆರೆಯ ಹಿಂದೆ ಆತ ಮಾಡಿದ್ದು ಇನ್ನೂ ದೊಡ್ಡದು. ಪ್ರೇಕ್ಷಕರ ಎದುರೇ ಮೂರು ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಫಿಲ್ಮ್ ಮೇಲೆ ಚಿತ್ರೀಕರಿಸುವ ಪದ್ಧತಿಯನ್ನು ಆತನ ದೆಸಿಲು ಸಂಸ್ಥೆ ಗಟ್ಟಿಗೊಳಿಸಿತು. ಅದರ ಹೆಚ್ಚುವರಿ ಖರ್ಚಿಗಾಗಿ ದಂಪತಿ ಸಂಬಳದಲ್ಲಿ ಕಡಿತ ಒಪ್ಪಿಕೊಂಡು, ಬದಲಿಗೆ ಚಿತ್ರಗಳ ಒಡೆತನ ಉಳಿಸಿಕೊಂಡರು. ಮರುಪ್ರಸಾರದ ಹಣ ಎಂಬ ವ್ಯವಹಾರವೇ ಅಲ್ಲಿಂದ ಬೆಳೆಯಿತು. ಅಮೆರಿಕದ ಹಾಸ್ಯ ಧಾರಾವಾಹಿಯ ಕಾರ್ಖಾನೆಯನ್ನು ಕಟ್ಟಿದವರಲ್ಲಿ ಒಬ್ಬ ಲ್ಯಾಟಿನೋ ಇದ್ದ; ಜನ ಮಾತ್ರ ಅವನ ಉಚ್ಚಾರವನ್ನು ನೆನಪಿಟ್ಟುಕೊಂಡರು. ಅದನ್ನೂ ಸರಿಯಾಗಿ ಇಟ್ಟುಕೊಳ್ಳಲಿಲ್ಲ. ‘ಲೂಸಿ, ಯು ಗಾಟ್ ಸಮ್ ಸ್ಪ್ಲೇನಿಂಗ್ ಟು ಡೂ’ ಎಂದು ಎಲ್ಲರೂ ಅವನ ಬಾಯಿಗೆ ತುರುಕುವ ಪ್ರಸಿದ್ಧ ಸಾಲನ್ನು ಆ ರೂಪದಲ್ಲಿ ಅವನು ಆ ಧಾರಾವಾಹಿಯಲ್ಲಿ ಎಲ್ಲೂ ಹೇಳಿಲ್ಲ.

ರಿಕಿಯ ನಂತರ ದಾರಿ ಅಗಲವಾಗಬೇಕಿತ್ತು. ಆಗಲಿಲ್ಲ. 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಹೇಳಿದ್ದು: 1996ರಿಂದ ಈಚೆಗೆ ಸಿನಿಮಾ ಮತ್ತು ಟಿವಿಯಲ್ಲಿ ಜನಮನದಲ್ಲಿ ಉಳಿದ ಮನೆಗೆಲಸದವರ ಪಾತ್ರಗಳಲ್ಲಿ ಶೇ 69 ಲ್ಯಾಟಿನಾ ಹೆಂಗಸರು, ಟಿವಿಯ ಲ್ಯಾಟಿನೋ ಪಾತ್ರಗಳಲ್ಲಿ ಶೇ 24ರಷ್ಟು ಅಪರಾಧಕ್ಕೆ ಅಂಟಿಕೊಂಡವು. 1994ರಲ್ಲಿ ಈ ಎರಡನೆಯ ಅಂಕಿ ಶೇ 6 ಇತ್ತು. ಕಾಲ ಕಳೆದಂತೆ ಹಳೆಯ ದರೋಡೆಕೋರ ಕುದುರೆ ಇಳಿದು ಮಾದಕ ವಸ್ತುವಿನ ವ್ಯಾಪಾರಿಯಾದ. ಅವನ ದೇಶದ ಬಿಸಿಲು ಕೂಡ ಬೇರೆ. 2000ದ ‘ಟ್ರಾಫಿಕ್’ ಸಿನಿಮಾದಲ್ಲಿ, ಆಮೇಲೆ ‘ಬ್ರೇಕಿಂಗ್ ಬ್ಯಾಡ್’ನಲ್ಲಿ ಗಮನಿಸಿ: ಗಡಿ ದಾಟಿ ಮೆಕ್ಸಿಕೋಕ್ಕೆ ಕಾಲಿಟ್ಟ ಕೂಡಲೇ ಇಡೀ ಪರದೆಗೆ ಅರಿಸಿನ ಕದಡಿದ ಬಣ್ಣ ಬರುತ್ತದೆ, ಆಕಾಶಕ್ಕೇ ಕಾಮಾಲೆ ಬಂದಂತೆ. ಇದನ್ನು ‘ಮೆಕ್ಸಿಕೋ ಫಿಲ್ಟರ್’ ಎಂದು ತಮಾಷೆ ಮಾಡುತ್ತಾರೆ. ಢಾಕಾದಲ್ಲಿ ನಡೆಯುವ ಕಥೆಯೆಂದು 2020ರಲ್ಲಿ ಬಂದ ‘ಎಕ್ಸ್‌ಟ್ರಾಕ್ಷನ್’ ಚಿತ್ರಕ್ಕೂ ಅದೇ ಅರಿಸಿನ ಬಳಿದಿದ್ದರು.

ಇದೆಲ್ಲ ಯಾಕೆ ನಿಲ್ಲುವುದಿಲ್ಲ? ಅರ್ಧ ಗಂಟೆಯ ಹಾಸ್ಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದು ಉಳಿಯುವುದು 22 ನಿಮಿಷದ ಆಸುಪಾಸು. ಬಾಗಿಲು ತೆರೆಯುವ ಪಾತ್ರಕ್ಕೆ ಸಿಗುವುದು ಅರ್ಧ ನಿಮಿಷ. ಅಷ್ಟರಲ್ಲಿ ಅವಳು ಯಾರೆಂದು ಪ್ರೇಕ್ಷಕನಿಗೆ ತಿಳಿಯಬೇಕು. ಮೊಳೆ ಜೋಡಿಸಲು ಸಮಯವಿಲ್ಲ, ತಗಡು ತೆಗೆದು ಒತ್ತುವುದೇ ಸುಲಭ. ಆದರೆ ನನಗೆ ಇನ್ನೂ ಬಲವಾದ ಕಾರಣ ಎನಿಸುವುದು ಬೇರೊಂದು. ಈ ಕಥೆಗಳು ಹುಟ್ಟುವ ಲಾಸ್ ಏಂಜಲೀಸ್ ನಗರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಲ್ಯಾಟಿನೋಗಳೇ. ಶಿಕ್ಷಕರು, ವಕೀಲರು, ನರ್ಸುಗಳು, ಪೊಲೀಸರು, ಎಲ್ಲರೂ ಅಲ್ಲಿದ್ದಾರೆ. ಧಾರಾವಾಹಿ ಬರೆಯುವವನು ಅವರನ್ನು ದಿನಾ ಹತ್ತಿರದಿಂದ ಕಾಣುವುದು ಮಾತ್ರ ತನ್ನ ಅಡುಗೆಮನೆಯಲ್ಲಿ, ತನ್ನ ತೋಟದಲ್ಲಿ. ಅವನು ಕಂಡದ್ದನ್ನೇ ಬರೆಯುತ್ತಾನೆ. ಸುಳ್ಳು ಬರೆಯುವುದಿಲ್ಲ, ತನ್ನ ಮನೆಯ ಹೊಸ್ತಿಲಿನಾಚೆಗೆ ಬರೆಯುವುದಿಲ್ಲ. ಅದನ್ನು ನೋಡಿ ಬೆಳೆದ ಮುಂದಿನ ಬರಹಗಾರ ಪ್ರತಿಯ ಪ್ರತಿ ತೆಗೆಯುತ್ತಾನೆ.

‘ನಿಜವಾಗಿಯೂ ಅನೇಕ ಲ್ಯಾಟಿನಾ ಹೆಂಗಸರು ಮನೆಗೆಲಸ ಮಾಡುತ್ತಾರಲ್ಲ’ ಎಂಬ ವಾದಕ್ಕೆ ಉತ್ತರವೂ ಇಲ್ಲೇ ಇದೆ. ಮಾಡುತ್ತಾರೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ತಕರಾರು ಅವಳ ಕೆಲಸದ ಬಗ್ಗೆ ಅಲ್ಲ, ಅವಳ ಹಿಂದೆ ಹೋಗದ ಕ್ಯಾಮೆರಾದ ಬಗ್ಗೆ. ಲ್ಯಾಟಿನ್ ಅಮೆರಿಕದ ಟೆಲಿನೊವೆಲಾಗಳಲ್ಲಿ, ಅಂದರೆ ಅಲ್ಲಿನ ಟಿವಿ ಧಾರಾವಾಹಿಗಳಲ್ಲಿ, ಕೆಲಸದ ಹುಡುಗಿಯೇ ಎಷ್ಟೋ ಸಲ ಕಥಾನಾಯಕಿ. ಅವಳು ಅಳುತ್ತಾಳೆ, ಒದ್ದಾಡುತ್ತಾಳೆ, ಕೊನೆಗೆ ಧಣಿಯ ಮಗನನ್ನು ಗೆಲ್ಲುತ್ತಾಳೆ. (ಅಲ್ಲಿನವರದೂ ಸಾಚಾ ಕೈಯೇನಲ್ಲ, ಆ ನಾಯಕಿ ಸಾಮಾನ್ಯವಾಗಿ ಬೆಳ್ಳಗಿರುತ್ತಾಳೆ, ಮೂಲನಿವಾಸಿ ಮುಖದವಳು ಹಿಂದೆ ತಟ್ಟೆ ಹಿಡಿದು ನಿಂತಿರುತ್ತಾಳೆ.)

ಪಾತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವುದು ಯಾಕೆ ಕಷ್ಟ ಎನ್ನುವುದಕ್ಕೆ ‘ಮಾಡರ್ನ್ ಫ್ಯಾಮಿಲಿ’ಯ ಗ್ಲೋರಿಯಾಳನ್ನು ನೋಡಬೇಕು. 2009ರಿಂದ 2020ರವರೆಗೆ ನಡೆದ ಈ ಧಾರಾವಾಹಿಯಲ್ಲಿ ವೆರ್ಗಾರಾ ಮುದುಕ ಶ್ರೀಮಂತನ ಎಳೆಯ ಹೆಂಡತಿ. ಬಿಗಿಯುಡುಪು, ಏರು ದನಿ, ಎಡವುವ ಇಂಗ್ಲಿಷ್. ಗಂಡ ‘ಬೇಬಿ ಚೀಸ್’ ತರಿಸಲು ಹೇಳಿದರೆ ಪೆಟ್ಟಿಗೆ ತುಂಬ ‘ಬೇಬಿ ಜೀಸಸ್’ ಗೊಂಬೆಗಳು ಬರುತ್ತವೆ. ಪೂರಾ ಕೋಡಂಗಿ ಹೆಣ್ಣಿನ ತಗಡು. ಗ್ಲೋರಿಯಾಳಲ್ಲಿ ತನ್ನ ತಾಯಿ, ಚಿಕ್ಕಮ್ಮಂದಿರೇ ಇದ್ದಾರೆ, ಅದರಲ್ಲಿ ತಪ್ಪೇನು ಎಂದು ನಟಿ ಕೇಳುತ್ತಾ ಬಂದಿದ್ದಾರೆ. ಆರನೆಯ ಸೀಸನ್ನಿನಲ್ಲಿ ಅದೇ ಗ್ಲೋರಿಯಾ ಸಿಡಿಯುತ್ತಾಳೆ. ಪ್ರತಿ ಮಾತನ್ನೂ ತಲೆಯಲ್ಲಿ ಅನುವಾದಿಸಿ ಆಡುವ ಆಯಾಸವನ್ನು ಹೇಳಿಕೊಂಡು, ಸ್ಪ್ಯಾನಿಷ್‌ನಲ್ಲಿ ನಾನೆಷ್ಟು ಬುದ್ಧಿವಂತೆ ಎಂದು ನಿಮಗೆ ಗೊತ್ತಾದರೂ ಇದೆಯೇ ಎಂದು ಕೇಳುತ್ತಾಳೆ. ಪರದೇಶದ ಕಚೇರಿಗಳಲ್ಲಿ ಸಭೆ ಮುಗಿದ ಮೇಲೆ ಆಡಬೇಕಾಗಿದ್ದ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡ ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಆ ಅರ್ಧ ನಿಮಿಷ ಬಾಗಿಲು ತೆರೆಯಿತು. ಮುಂದಿನ ದೃಶ್ಯಕ್ಕೆ ಮತ್ತೆ ಮುಚ್ಚಿತು.

ಸ್ಪೀಡಿ ಗೊನ್ಜಾಲೆಸ್ ಎಂಬ ಮೆಕ್ಸಿಕನ್ ಇಲಿಯ ಕಥೆ ಇನ್ನೂ ವಿಚಿತ್ರ. ಅವಮಾನಕರ ಎಂಬ ಕಾರಣಕ್ಕೆ 1999ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಅದನ್ನು ಅಟ್ಟಕ್ಕೆ ಹಾಕಿತು. ಅದನ್ನು ಮರಳಿ ತರಬೇಕೆಂದು ಒತ್ತಾಯಿಸಿದ್ದು 1929ರಿಂದ ಲ್ಯಾಟಿನೋಗಳ ಹಕ್ಕಿಗಾಗಿ ಹೋರಾಡುತ್ತಿರುವ ಲುಲ್ಯಾಕ್ ಸಂಘಟನೆ! 2002ರಲ್ಲಿ ಇಲಿ ಮರಳಿತು. ದೊಡ್ಡ ಟೋಪಿಯ ಆ ಇಲಿ ಬೆಕ್ಕಿಗೆ ಸಿಗುವುದೇ ಇಲ್ಲ, ಪ್ರತಿ ಸಲ ಗೆಲ್ಲುತ್ತದೆ; ಮೆಕ್ಸಿಕೋದ ಮಕ್ಕಳಿಗೆ ಬೇಕಾಗಿದ್ದದ್ದು ಅದು.

ಬಾಗಿಲು ನಿಜವಾಗಿ ತೆರೆದದ್ದು ಟೆಲಿನೊವೆಲಾಗಳ ಕಡೆಯಿಂದ. 1999ರಲ್ಲಿ ಕೊಲಂಬಿಯಾದಲ್ಲಿ ಶುರುವಾದ, ಬೆಟ್ಟಿ ಎಂಬ ಹುಡುಗಿಯ ಕಥೆ ದೇಶದೇಶ ಸುತ್ತಿತು. ನಮ್ಮಲ್ಲಿ 2003ರಲ್ಲಿ ಸೋನಿಯಲ್ಲಿ ಬಂದ ಹಿಂದಿಯ ‘ಜಸ್ಸಿ’ ಅವಳದೇ ಅವತಾರ. 2006ರಲ್ಲಿ ‘ಅಗ್ಲಿ ಬೆಟ್ಟಿ’ಯಾಗಿ ಅವಳು ಅಮೆರಿಕಕ್ಕೆ ಬಂದಾಗ ಅವಳಿಗೆ ಒಂದು ಮನೆ ಇತ್ತು, ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ. ಬೇಳೆ, ಸಾಂಬಾರ ಪುಡಿ, ಸೀರೆ ಹುಡುಕಿಕೊಂಡು ಭಾರತೀಯರು ಹೋಗುವ ಬಡಾವಣೆಯೂ ಅದೇ. ಆ ಮನೆಯಲ್ಲಿ ಅಪ್ಪ ಅಡುಗೆ ಮಾಡುತ್ತಾನೆ, ಅಕ್ಕ ಜಗಳವಾಡುತ್ತಾಳೆ, ಎಲ್ಲರೂ ಕೂತು ಟಿವಿಯಲ್ಲಿ ಒಂದು ಟೆಲಿನೊವೆಲಾ ನೋಡುತ್ತಾರೆ. ಆ ಟಿವಿಯೊಳಗಿನ ಕೆಲಸದವಳಾಗಿ ಕಾಣಿಸಿಕೊಂಡದ್ದು ಸಾಲ್ಮಾ ಹಾಯೆಕ್, ಇಡೀ ಧಾರಾವಾಹಿಯ ನಿರ್ಮಾಪಕಿಯರಲ್ಲಿ ಒಬ್ಬರು. ಬೆಟ್ಟಿಯಾದ ಅಮೆರಿಕಾ ಫೆರೇರಾಗೆ 2007ರಲ್ಲಿ ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿ ಬಂತು.

ವೆನೆಜುವೆಲಾದ ಕಥೆಯಿಂದ ಹುಟ್ಟಿದ ‘ಜೇನ್ ದ ವರ್ಜಿನ್’ನಲ್ಲಿ (2014–2019) ಅಜ್ಜಿ, ತಾಯಿ, ಮೊಮ್ಮಗಳು ಜಗಲಿಯ ಉಯ್ಯಾಲೆಯಲ್ಲಿ ಕೂರುತ್ತಾರೆ. ಅಜ್ಜಿ ಸ್ಪ್ಯಾನಿಷ್‌ನಲ್ಲೇ ಮಾತನಾಡುತ್ತಾಳೆ, ಜೇನ್ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ, ಯಾರೂ ಯಾರನ್ನೂ ತಿದ್ದುವುದಿಲ್ಲ. ನ್ಯೂಜೆರ್ಸಿಯ ಯಾವ ಕನ್ನಡದ ಮನೆಯಲ್ಲಿ ಬೇಕಾದರೂ ಈ ಸಂಭಾಷಣೆ ಕೇಳಬಹುದು. ಕಾಗದಪತ್ರವಿಲ್ಲದ ಅಜ್ಜಿಯನ್ನು ಆಸ್ಪತ್ರೆಯಿಂದಲೇ ಗಡಿಪಾರು ಮಾಡುವ ಬೆದರಿಕೆ ಬಂದಾಗ, ಇದು ನಿಜವಾಗಿ ನಡೆಯುತ್ತದೆ, ಬೇಕಾದರೆ ಹುಡುಕಿ ನೋಡಿ ಎಂದು ಪರದೆಯ ಮೇಲೆಯೇ ಅಕ್ಷರ ಮೂಡಿತು. ಮುಖ್ಯಪಾತ್ರದ ಜೀನಾ ರೊಡ್ರಿಗೆಜ್ ಅದಕ್ಕೂ ಮುಂಚೆ, ಐವರು ಲ್ಯಾಟಿನಾ ಕೆಲಸದವರ ಕಥೆಯಾದ ‘ಡೀವಿಯಸ್ ಮೇಡ್ಸ್’ನ ಅವಕಾಶವನ್ನು ಬೇಡವೆಂದಿದ್ದರು.

ಈ ಲೆಕ್ಕದಲ್ಲಿ ನಾವೂ ಇದ್ದೇವೆ. ‘ಸಿಂಪ್ಸನ್ಸ್’ ಕಾರ್ಟೂನಿನ ಅಂಗಡಿಯವ ಅಪುವಿಗೆ ದನಿ ಕೊಡುತ್ತಿದ್ದ ಹ್ಯಾಂಕ್ ಅಜಾರಿಯಾ, ಅದೇ ಕಾರ್ಟೂನಿನ ಬಂಬಲ್‌ಬೀ ಮ್ಯಾನ್‌ಗೂ ದನಿ ಕೊಡುತ್ತಿದ್ದರು. ದುಂಬಿಯ ವೇಷ ತೊಟ್ಟು ಹರಕು ಸ್ಪ್ಯಾನಿಷ್‌ನಲ್ಲಿ ಅರಚುವ ಆ ಪಾತ್ರ ಮೆಕ್ಸಿಕೋದ ಜನಪ್ರಿಯ ಹಾಸ್ಯವೀರನೊಬ್ಬನ ಅಣಕ. ಒಂದೇ ಗಂಟಲಿನಿಂದ ಒಬ್ಬ ಭಾರತೀಯ, ಒಬ್ಬ ಲ್ಯಾಟಿನೋ. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಅಪುವಿನ ಬಗ್ಗೆ ಸಾಕ್ಷ್ಯಚಿತ್ರ ಮಾಡಿ ಜಗಳ ಎಬ್ಬಿಸಿದರು. 2020ರಲ್ಲಿ ಅಜಾರಿಯಾ ಅಪುವನ್ನು ಬಿಟ್ಟರು. ಅದೇ ವರ್ಷ ದುಂಬಿಯ ದನಿಯೂ ಎರಿಕ್ ಲೋಪೆಜ್ ಅವರ ಪಾಲಾಯಿತು.

ಒಂಟಿವೆರೋಸ್ 2012ರಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ವರ್ಷ ಮುಂಚೆ, ಲಾಸ್ ಏಂಜಲೀಸ್‌ನಲ್ಲಿ ಮನೆಗೆಲಸ ಮಾಡುವ ಮೂವರು ವಲಸಿಗ ಹೆಂಗಸರ ಮೇಲೆ ‘ಮೇಡ್ ಇನ್ ಅಮೆರಿಕ’ ಎಂಬ ಸಾಕ್ಷ್ಯಚಿತ್ರ ಬಂತು; ಇಲ್ಲಿ ಮೇಡ್ ಎಂದರೆ ಮನೆಗೆಲಸದವಳು. ಕೆಲಸ ಮುಗಿಸಿ ಬಾಗಿಲು ಮುಚ್ಚಿಕೊಂಡು ಹೊರಟವರ ಹಿಂದೆ ಅದರ ಕ್ಯಾಮೆರಾ ಹೋಗುತ್ತದೆ. ಹಿನ್ನೆಲೆಯಲ್ಲಿ ಅವರ ಕಥೆ ಹೇಳುವ ದನಿ ಲುಪೆ ಒಂಟಿವೆರೋಸ್ ಅವರದು.